ಕುರಿಹಟ್ಟಿಯ ನೋವಿಗೆ ಕಾನೂನಿದೆ, ಕೈಗೆಟುಕುವ ವೈದ್ಯರಿಲ್ಲ

ಬೆಂಗಳೂರು: ಪ್ರಾಣಿ ಹಿಂಸೆಯ ಮಾತು ಬಂದಾಗಲೆಲ್ಲ ಕರ್ನಾಟಕದ ಚರ್ಚೆ ಕಂಬಳದ ಗದ್ದೆಗೋ ನಗರದ ಬೀದಿನಾಯಿಗಳತ್ತಲೋ ಹೊರಳುತ್ತದೆ. ಆ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆದಿದೆ, ಶಾಸನಸಭೆಯಲ್ಲಿ ತಿದ್ದುಪಡಿ ಬಂದಿದೆ, ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರಹ ಪ್ರಕಟವಾಗಿದೆ. ಆದರೆ ರಾಜ್ಯದ ಬಯಲುಸೀಮೆಯ ಕುರಿಹಟ್ಟಿಗಳಲ್ಲಿ ತಲೆಮಾರುಗಳಿಂದ ಸದ್ದಿಲ್ಲದೆ ನಡೆದುಬಂದಿರುವ ಒಂದು ಪದ್ಧತಿಯ ಬಗ್ಗೆ ಯಾರೂ ಮಾತನಾಡಿದಂತಿಲ್ಲ. ಅದು ಗಂಡುಮರಿಗಳ ಬೀಜ ಒಡೆಯುವ ಪದ್ಧತಿ. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ಸಂತಾನಹರಣ ಎಂದು ಹೆಸರು.

2019ರ ಇಪ್ಪತ್ತನೇ ಜಾನುವಾರು ಗಣತಿಯಂತೆ ದೇಶದಲ್ಲಿದ್ದ ಕುರಿಗಳ ಸಂಖ್ಯೆ ಸುಮಾರು 7.42 ಕೋಟಿ. ಅವುಗಳಲ್ಲಿ ಸುಮಾರು 1.11 ಕೋಟಿ ಕರ್ನಾಟಕದಲ್ಲಿದ್ದವು. ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಇಷ್ಟು ದೊಡ್ಡ ಸಂಖ್ಯೆಯ ಪ್ರಾಣಿಗಳ ಬದುಕಿಗೆ ಸಂಬಂಧಿಸಿದ ನಿಯಮವೊಂದನ್ನು ಕೇಂದ್ರ ಸರ್ಕಾರ 2023ರಲ್ಲಿ ಜಾರಿಗೆ ತಂದಿತು. ಕೊಂಬು ತೆಗೆಯುವುದು, ಬೀಜ ಒಡೆಯುವುದು, ಬರೆ ಹಾಕಿ ಗುರುತು ಮಾಡುವುದು ಮತ್ತು ಮೂಗುದಾರ ಪೋಣಿಸುವುದು ಹೇಗೆ ನಡೆಯಬೇಕೆಂದು ಆ ನಿಯಮಾವಳಿ ವಿಧಿಸುತ್ತದೆ. ಇಂಥ ಕೆಲಸಗಳು ನೋಂದಾಯಿತ ಪಶುವೈದ್ಯರಿಂದ, ಅರಿವಳಿಕೆಯ ನೆರವಿನೊಂದಿಗೆ ನಡೆಯಬೇಕೆಂಬುದು ಅದರ ತಿರುಳು.

ಉದ್ದೇಶ ಒಳ್ಳೆಯದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷದ ಹಲವು ತಿಂಗಳು ಊರು ಬಿಟ್ಟು, ಕಟಾವಾದ ಹೊಲಗಳಲ್ಲಿ ಮಂದೆ ತರುಬುತ್ತ ಸಾಗುವ ಕುರಿಗಾಹಿಗೆ ಪಶುವೈದ್ಯರು ಎಲ್ಲಿ ಸಿಗಬೇಕು? ಕಾನೂನು ಬರೆದವರು ಈ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಉತ್ತರ ದೊರೆಯುವವರೆಗೆ ನಿಯಮ ರಾಜ್ಯಪತ್ರದಲ್ಲಿಯೂ ನೋವು ಹಟ್ಟಿಯಲ್ಲಿಯೂ ಉಳಿಯುವುದು ಖಚಿತ.

ಬೀಜ ಒಡೆಸುವುದೇಕೆ?

ನಗರದ ಓದುಗರಿಗೆ ಈ ಪದ್ಧತಿ ಬರಿಯ ಕ್ರೌರ್ಯವಾಗಿ ಕಂಡರೆ ಅಚ್ಚರಿಯಿಲ್ಲ. ಆದರೆ ಅದರ ಹಿಂದೆ ಲೆಕ್ಕಾಚಾರವೊಂದಿದೆ. ರಾಜ್ಯ ಸರ್ಕಾರ 2022ರಲ್ಲಿ ಪ್ರಕಟಿಸಿದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯ ಘಟಕವನ್ನೇ ನೋಡಿ: 20 ಹೆಣ್ಣು ಕುರಿಗಳಿಗೆ 1 ಟಗರು. ಅಂದರೆ ನೂರು ತಾಯಿಕುರಿಗಳ ಹಿಂಡಿಗೆ ಐದು ಟಗರು ಸಾಕು. ಆ ಹಿಂಡಿನಲ್ಲಿ ವರ್ಷಕ್ಕೆ ಎಂಬತ್ತು ಮರಿ ಹುಟ್ಟಿದರೆ ಅವುಗಳಲ್ಲಿ ಸುಮಾರು ನಲವತ್ತು ಗಂಡು. ಹಿಂಡಿಗೆ ಬೇಕಾದದ್ದು ಬೆರಳೆಣಿಕೆಯಷ್ಟು ಮಾತ್ರ. ಉಳಿದವು ಮಾಂಸಕ್ಕೆ.

ಉಳಿದ ಗಂಡುಗಳನ್ನು ಹಾಗೆಯೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕುರಿಗಾಹಿ ಚೆನ್ನಾಗಿ ಬಲ್ಲ. ಪ್ರಾಯಕ್ಕೆ ಬಂದ ಟಗರುಗಳು ಪರಸ್ಪರ ಗುದ್ದಾಡಿ ಗಾಯ ಮಾಡಿಕೊಳ್ಳುತ್ತವೆ. ಮೇವಿನ ಕಡೆ ಗಮನವಿಲ್ಲದೆ ಹೆಣ್ಣುಗಳ ಹಿಂದೆ ಅಲೆದು ಸೊರಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈಕಟ್ಟು ಚೆನ್ನಾಗಿಲ್ಲದ ಟಗರಿನ ರಕ್ತ ಇಡೀ ಹಿಂಡಿಗೆ ಹರಡುತ್ತದೆ. ಬೇಲಿಯಿಲ್ಲದ ಬಯಲಿನಲ್ಲಿ ಗಂಡು ಹೆಣ್ಣು ಒಟ್ಟಿಗೇ ಮೇಯುವುದರಿಂದ ಅವುಗಳನ್ನು ಬೇರ್ಪಡಿಸಿ ಸಾಕುವುದು ಕಷ್ಟ. ತಾಯಿಯ ಹಾಲು, ಕಾಲಿನ ಗಟ್ಟಿತನ, ಬರಗಾಲ ತಾಳುವ ಶಕ್ತಿ ಇವೆಲ್ಲವನ್ನೂ ನೋಡಿ ಒಂದೆರಡು ಮರಿಗಳನ್ನು ಬೀಜದ ಟಗರಾಗಿ ಆರಿಸಿ, ಬೇಡವಾದವುಗಳ ಬೀಜ ಒಡೆಯುವುದು ಪುಸ್ತಕವಿಲ್ಲದ ಕಾಲದ ತಳಿ ಸುಧಾರಣೆ. ಡೆಕ್ಕನಿ, ಬಳ್ಳಾರಿ, ಕೆಂಗುರಿ, ಹಾಸನ, ಮಂಡ್ಯ ಸೀಮೆಯ ಬಂಡೂರು ಮುಂತಾದ ತಳಿಗಳು ತಮ್ಮ ಗುಣ ಉಳಿಸಿಕೊಂಡು ಬಂದಿರುವುದರ ಹಿಂದೆ ಟಗರಿನ ಆಯ್ಕೆಯ ಈ ತಿಳಿವಳಿಕೆ ಇದೆ.

ಆದರೆ ಇದು ಎಲ್ಲ ಹಟ್ಟಿಗಳಲ್ಲಿಯೂ ನಡೆಯುವ ಕೆಲಸವಲ್ಲ ಎಂಬುದನ್ನೂ ಹೇಳಬೇಕು. ಮೂರರಿಂದ ಆರು ತಿಂಗಳೊಳಗೆ ಮರಿಗಳನ್ನು ಮಾರಿಬಿಡುವ ಸಾಕಣೆದಾರನಿಗೆ ಅದರ ಅಗತ್ಯ ಬೀಳುವುದು ಕಡಿಮೆ. ಬಾಗಲಕೋಟೆ ಜಿಲ್ಲೆಯ ಅಮೀನಗಡದ ಸಂತೆಯಲ್ಲಿ ಬಕ್ರೀದ್‌ಗೆ ಮುನ್ನ ಮೈತುಂಬಿದ, ಕೊಂಬು ತಿರುವಿದ ಟಗರುಗಳಿಗೆ ಬರುವ ಬೆಲೆಯೇ ಬೇರೆ. ಆ ಬೆಲೆಯ ಆಸೆಯಿಂದ ಟಗರನ್ನು ಟಗರಾಗಿಯೇ ಉಳಿಸಿಕೊಳ್ಳುವವರೂ ಇದ್ದಾರೆ. ಮೇಕೆಗಳ ವಿಷಯ ಇದಕ್ಕಿಂತ ಭಿನ್ನ. ಹೋತದ ಮಾಂಸಕ್ಕೆ ಅಂಟುವ ಗಬ್ಬುನಾತವನ್ನು ಗಿರಾಕಿ ಸಹಿಸುವುದಿಲ್ಲವಾದ್ದರಿಂದ ಅಲ್ಲಿ ಬೀಜ ಒಡೆಸುವ ಒತ್ತಡ ಹೆಚ್ಚು.

ಮೂರು ದಾರಿ, ಮೂರು ನೋವು

ಜಗತ್ತಿನ ಕುರಿ ಸಾಕಣೆಯಲ್ಲಿ ಬಳಕೆಯಲ್ಲಿರುವ ವಿಧಾನಗಳನ್ನು ಮೂರು ಗುಂಪಾಗಿ ವಿಂಗಡಿಸಬಹುದು. ಮೊದಲನೆಯದು ಕೊಯ್ದು ತೆಗೆಯುವುದು. ಚೀಲದ ಕೆಳತುದಿಯನ್ನು ಚೂರಿಯಿಂದ ಕೊಯ್ದು ಎರಡೂ ಬೀಜಗಳನ್ನು ಹೊರಗೆಳೆಯಲಾಗುತ್ತದೆ. ಕೆಲಸ ನಿಮಿಷದೊಳಗೆ ಮುಗಿಯುತ್ತದೆ, ವಿಫಲವಾಗುವ ಪ್ರಶ್ನೆಯಿಲ್ಲ. ಆದರೆ ತೆರೆದ ಗಾಯ ಉಳಿಯುತ್ತದೆ. ಮಳೆಗಾಲದಲ್ಲಿ ನೊಣ ಕೂತು ಹುಳ ಬೀಳುತ್ತದೆ. ಮಣ್ಣು, ಹಿಕ್ಕೆಯ ಸಂಪರ್ಕದಿಂದ ಧನುರ್ವಾಯು ತಗಲುವ ಅಪಾಯವಿದೆ.

ಎರಡನೆಯದು ಜಜ್ಜುವುದು. ಹಿಂದೆ ಎರಡು ಕೋಲುಗಳ ನಡುವೆ ಇಟ್ಟು ಹಿಸುಕುವುದು, ಕಲ್ಲಿನಿಂದಲೋ ಕೊಡತಿಯಿಂದಲೋ ಜಜ್ಜುವುದು ಹಳ್ಳಿಗಳಲ್ಲಿ ರೂಢಿಯಲ್ಲಿತ್ತು. ಹೋರಿಗಳನ್ನು ಎತ್ತು ಮಾಡುವಾಗಲೂ ಇದೇ ಕ್ರಮ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇಟಲಿಯ ಪಶುವೈದ್ಯ ನೆಪೋಲಿಯೋನೆ ಬರ್ಡಿಝೋ ರೂಪಿಸಿದ ಇಕ್ಕಳ ಈ ಕೆಲಸವನ್ನು ಶಿಸ್ತಿಗೆ ತಂದಿತು. ಇಂದು ಪಶು ಆಸ್ಪತ್ರೆಗಳಲ್ಲಿ ಕಾಣುವ ಬರ್ಡಿಝೋ ಇಕ್ಕಳ ಅದೇ. ಚರ್ಮ ಹರಿಯದಂತೆ, ಬೀಜಕ್ಕೆ ರಕ್ತ ಒಯ್ಯುವ ನಾಳವನ್ನು ಮಾತ್ರ ಹೊರಗಿನಿಂದಲೇ ಒತ್ತಿ ತುಂಡರಿಸುವುದು ಅದರ ಕೆಲಸ. ಎರಡೂ ಬದಿಯ ನಾಳಗಳನ್ನು ಬೇರೆ ಬೇರೆಯಾಗಿ, ಬೇರೆ ಬೇರೆ ಎತ್ತರದಲ್ಲಿ ಒತ್ತಬೇಕು. ಇಲ್ಲದಿದ್ದರೆ ಚೀಲಕ್ಕೇ ರಕ್ತ ನಿಂತು ಕೊಳೆಯುವ ಸಂಭವವಿದೆ. ಕೆಲವು ವಾರಗಳಲ್ಲಿ ಬೀಜ ಬತ್ತಿಹೋಗುತ್ತದೆ. ಗಾಯವಿಲ್ಲ, ರಕ್ತವಿಲ್ಲ. ಆದರೆ ನಾಳ ಜಾರಿ ತಪ್ಪಿದರೆ ಕೆಲಸ ವ್ಯರ್ಥ, ನೋವು ಮಾತ್ರ ಉಳಿಯುತ್ತದೆ.

ಮೂರನೆಯದು ಕಟ್ಟುವುದು. ಹುರಿಯಿಂದ ಬಿಗಿದು ಕಟ್ಟುವ ಹಳೆಯ ಕ್ರಮದ ಹೊಸ ರೂಪವೇ ರಬ್ಬರ್ ಉಂಗುರ. ಬಿಗಿಯಾದ ಉಂಗುರವನ್ನು ಇಕ್ಕಳದಂಥ ಸಾಧನದಿಂದ ಅಗಲಿಸಿ ಚೀಲದ ಬುಡಕ್ಕೆ ತೊಡಿಸಿದರೆ ರಕ್ತಸಂಚಾರ ನಿಲ್ಲುತ್ತದೆ. ಕೆಲವು ವಾರಗಳಲ್ಲಿ ಚೀಲವೇ ಒಣಗಿ ಉದುರುತ್ತದೆ. ಅಗ್ಗದ, ಸುಲಭದ ವಿಧಾನವಾದ್ದರಿಂದ ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಗಳ ದೊಡ್ಡ ಹಿಂಡುಗಳಲ್ಲಿ ಇದರ ಬಳಕೆ ವ್ಯಾಪಕ.

ಈ ಮೂರರಲ್ಲಿ ನೋವಿಲ್ಲದ ದಾರಿ ಯಾವುದು ಎಂದು ಕೇಳಿದರೆ, ಒಂದೂ ಅಲ್ಲ ಎಂಬುದೇ ವಿಜ್ಞಾನದ ಉತ್ತರ.

ಸುಮ್ಮನಿರುವ ಮರಿ ಹೇಳುವುದೇನು?

ಈ ವಿಷಯದಲ್ಲಿ ಬರಿಗಣ್ಣು ಎಷ್ಟು ಮೋಸಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಪ್ರಸಂಗವೊಂದು ಉದಾಹರಣೆ. ಡಿಸ್ಕವರಿ ವಾಹಿನಿಯ ‘ಡರ್ಟಿ ಜಾಬ್ಸ್’ ಕಾರ್ಯಕ್ರಮದ ನಿರೂಪಕ ಮೈಕ್ ರೋ ಕೊಲರಾಡೊ ರಾಜ್ಯದ ಕುರಿ ಸಾಕಣೆ ಕೇಂದ್ರಕ್ಕೆ ಹೋಗಿದ್ದರು. ಬೀಜ ತೆಗೆಯುವ ಸರಿಯಾದ ವಿಧಾನ ಯಾವುದೆಂದು ಅವರು ಪ್ರಾಣಿದಯಾ ಸಂಸ್ಥೆಗಳನ್ನು ಮೊದಲೇ ವಿಚಾರಿಸಿದ್ದರು. ದೊರೆತ ಉತ್ತರ ರಬ್ಬರ್ ಉಂಗುರ. ಆದರೆ ಅಲ್ಲಿನ ಕುರಿಗಾಹಿ ಚೂರಿಯಿಂದ ಚೀಲದ ತುದಿ ಕೊಯ್ದು, ಬೀಜವನ್ನು ಹಲ್ಲಿನಿಂದ ಕಚ್ಚಿ ಎಳೆಯುತ್ತಿದ್ದರು. ಹೋಲಿಕೆಗೆಂದು ಒಂದು ಮರಿಗೆ ಉಂಗುರ ತೊಡಿಸಿದಾಗ ಅದು ಒದ್ದಾಡಿ ನೆಲಕ್ಕೆ ಬಿತ್ತು. ಹಲ್ಲಿನಿಂದ ಬೀಜ ತೆಗೆದ ಮರಿ ಎದ್ದು ನಡೆದು ಹೋಯಿತು. ತಜ್ಞರ ಸಲಹೆಗಿಂತ ಕೆಲಸಗಾರನ ಅನುಭವ ದೊಡ್ಡದು ಎಂಬ ತೀರ್ಮಾನಕ್ಕೆ ಬಂದ ರೋ, 2008ರಲ್ಲಿ ಮಾಡಿದ ಭಾಷಣವೊಂದರಲ್ಲಿ ಈ ಕಥೆಯನ್ನು ವಿವರಿಸಿದರು. ಅದು ಜಗತ್ತಿನಾದ್ಯಂತ ಲಕ್ಷಾಂತರ ಜನರನ್ನು ತಲುಪಿತು.

ರೋ ಅವರು ಕಂಡದ್ದು ನಿಜ. ಆದರೆ ಕಂಡದ್ದರಿಂದ ತೆಗೆದ ತೀರ್ಮಾನ ಪೂರ್ಣವಲ್ಲ. 1990ರ ದಶಕದಲ್ಲಿ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ವಿನ್ಸೆಂಟ್ ಮೊಲೊನಿ ಮತ್ತು ಸಂಗಡಿಗರು, ನ್ಯೂಜಿಲೆಂಡಿನಲ್ಲಿ ಡೇವಿಡ್ ಮೆಲರ್ ಮುಂತಾದವರು ಮರಿಗಳ ನೋವನ್ನು ಎರಡು ರೀತಿಯಲ್ಲಿ ಅಳೆದರು. ಒಂದು, ಮರಿಗಳು ಏಳುವ, ಬೀಳುವ, ಒದೆಯುವ, ನಿಲ್ಲುವ ಭಂಗಿಗಳ ದಾಖಲೆ. ಎರಡು, ದೇಹ ಸಂಕಟದಲ್ಲಿದ್ದಾಗ ರಕ್ತದಲ್ಲಿ ಏರುವ ಕಾರ್ಟಿಸೋಲ್ ಎಂಬ ಹಾರ್ಮೋನಿನ ಪ್ರಮಾಣ. ಉಂಗುರ ತೊಡಿಸಿದ ಮರಿಗಳು ಮೊದಲ ಕೆಲವು ಗಂಟೆ ಹೊರಳಾಡಿ ಒದ್ದಾಡುತ್ತವೆ ಎಂಬುದು ಅಲ್ಲಿಯೂ ಕಂಡುಬಂತು. ಆದರೆ ಕೊಯ್ದು ತೆಗೆದ ಮರಿಗಳು ಕಾಲುಗಳನ್ನು ಅಗಲಿಸಿ, ಮೈ ಬಿಗಿದು, ಕಲ್ಲಿನಂತೆ ನಿಂತುಬಿಡುತ್ತವೆ. ಅವುಗಳ ರಕ್ತದಲ್ಲಿ ಕಾರ್ಟಿಸೋಲ್ ಮಾತ್ರ ಉಂಗುರದ ಮರಿಗಳಿಗಿಂತ ಹೆಚ್ಚು ಏರಿ, ಹೆಚ್ಚು ಹೊತ್ತು ಉಳಿದಿತ್ತು.

ಕಾರಣ ಸರಳ. ಕುರಿ ಬೇಟೆಗೆ ಗುರಿಯಾಗುವ ಪ್ರಾಣಿ. ಹಿಂಡಿನಲ್ಲಿ ನೋವು ತೋರಿಸಿಕೊಂಡ ಕುರಿಯ ಮೇಲೆಯೇ ತೋಳದ ಕಣ್ಣು ಬೀಳುತ್ತದೆ. ಅಲುಗಾಡಿದರೆ ಗಾಯ ಹಿಗ್ಗುತ್ತದೆ ಎಂಬ ಭಯವೂ ಅದಕ್ಕಿದೆ. ಹೀಗಾಗಿ ಸುಮ್ಮನೆ ನಿಂತ ಮರಿಗೆ ನೋವಿಲ್ಲ ಎಂದು ಹೇಳಲಾಗದು. ನಮ್ಮ ಹಟ್ಟಿಗಳಲ್ಲಿ ‘ಮರಿ ಆಗಲೇ ಮೇಯೋಕೆ ಹೋಯ್ತು’ ಎಂದು ಸಮಾಧಾನಪಡುವ ಕುರಿಗಾಹಿಗೂ, ದೂರದರ್ಶಕದ ಮುಂದೆ ಕೂತು ಬೆಚ್ಚುವ ನಗರವಾಸಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ. ಒಬ್ಬರು ಒದ್ದಾಟವಿಲ್ಲದ್ದನ್ನು ನೋಡಿ ನೋವಿಲ್ಲವೆಂದರೆ, ಇನ್ನೊಬ್ಬರು ರಕ್ತವಿಲ್ಲದ್ದನ್ನು ನೋಡಿ ನೋವಿಲ್ಲವೆನ್ನುತ್ತಾರೆ.

ಹಲ್ಲಿನ ವಿಧಾನಕ್ಕೆ ಇನ್ನೊಂದು ಮುಖವೂ ಇದೆ. 2011ರಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಹಲ್ಲಿನಿಂದ ಮರಿಗಳ ಬೀಜ ತೆಗೆದಿದ್ದ ಇಬ್ಬರು ಕೆಲಸಗಾರರು ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಸೋಂಕಿನಿಂದ ಅತಿಸಾರಕ್ಕೆ ತುತ್ತಾದುದನ್ನು ಆ ದೇಶದ ರೋಗ ನಿಯಂತ್ರಣ ಕೇಂದ್ರ ದಾಖಲಿಸಿದೆ. ಪರಂಪರೆ ಎಂಬ ಒಂದೇ ಕಾರಣಕ್ಕೆ ಯಾವ ಪದ್ಧತಿಯೂ ಪ್ರಾಣಿಗಾಗಲಿ ಮನುಷ್ಯನಿಗಾಗಲಿ ಸುರಕ್ಷಿತವಾಗುವುದಿಲ್ಲ.

ಅರವತ್ತು ವರ್ಷ ಖಾಲಿ ಉಳಿದ ಜಾಗ

ಕಾನೂನಿನ ಚರಿತ್ರೆಯೂ ಕುತೂಹಲಕರ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಾಣಿಯ ಅಂಗಛೇದನವನ್ನು ಅಪರಾಧವೆನ್ನುತ್ತದೆ. ಅದೇ ಕಲಮಿನ ಮೂರನೇ ಉಪಕಲಂ ಬೀಜ ಒಡೆಯುವುದು, ಕೊಂಬು ತೆಗೆಯುವುದು, ಮೂಗುದಾರ ಹಾಕುವುದು ಮೊದಲಾದವುಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ಅದಕ್ಕೊಂದು ಷರತ್ತು: ಅದು ‘ನಿಗದಿಪಡಿಸಿದ ರೀತಿಯಲ್ಲಿ’ ನಡೆದಿರಬೇಕು. ಆ ರೀತಿ ಯಾವುದೆಂದು ವಿವರವಾಗಿ ನಿಗದಿಪಡಿಸಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಅಷ್ಟು ಕಾಲ ಕುರಿಗಾಹಿ ಮಾಡುತ್ತಿದ್ದುದು ಕಾನೂನುಬದ್ಧವೋ ಅಲ್ಲವೋ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ.

2023ರ ನಿಯಮಾವಳಿ ಆ ಖಾಲಿ ಜಾಗವನ್ನು ತುಂಬಿತು. ಅದರ ಪರಿಣಾಮವೆಂದರೆ, ವೈದ್ಯರಿಲ್ಲದೆ, ಅರಿವಳಿಕೆಯಿಲ್ಲದೆ ಮರಿಯ ಬೀಜ ಒಡೆಯುವವನು ಇನ್ನು ವಿನಾಯಿತಿಯ ರಕ್ಷಣೆ ಕಳೆದುಕೊಳ್ಳುತ್ತಾನೆ. ಆದರೆ 1960ರ ಕಾಯ್ದೆಯಂತೆ ಮೊದಲ ಅಪರಾಧಕ್ಕೆ ದಂಡ 10ರಿಂದ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಅಪರಾಧ ಎಸಗಿದರೆ 25ರಿಂದ 100 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸಜೆ ಅಥವಾ ಎರಡೂ. ಶಿಕ್ಷೆ ಹೆಚ್ಚಿಸುವ ತಿದ್ದುಪಡಿಯ ಕರಡನ್ನು ಕೇಂದ್ರ 2022ರ ನವೆಂಬರಿನಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ದಂಡ ಹತ್ತು ರೂಪಾಯಿಯಾಗಲಿ ಹತ್ತು ಸಾವಿರವಾಗಲಿ, ಬಯಲಿನ ಮಂದೆಯ ಬಳಿ ಹೋಗಿ ಮೊಕದ್ದಮೆ ಹೂಡುವವರು ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹೂಡಿದರೂ ಅದರಿಂದ ಮರಿಗೆ ಆಗುವ ಲಾಭವೇನು?

ಇಲ್ಲಿ ಇನ್ನೊಂದು ಕಾನೂನನ್ನು ನೆನಪಿಸಿಕೊಳ್ಳಬೇಕು. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ 30ನೇ ಕಲಂ ಪಶುವೈದ್ಯ ವೃತ್ತಿಯನ್ನು ನೋಂದಾಯಿತ ವೈದ್ಯರಿಗೆ ಮೀಸಲಿಡುತ್ತದೆ. ಆದರೆ ಲಸಿಕೆ ಹಾಕುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಮತ್ತು ಬೀಜ ಒಡೆಯುವುದು ಇವುಗಳನ್ನು ಅದು ‘ಸಣ್ಣ ಪಶುವೈದ್ಯ ಸೇವೆ’ ಎಂದು ಕರೆದು, ರಾಜ್ಯ ಸರ್ಕಾರದ ಅನುಮತಿ ಪಡೆದ ತರಬೇತಿ ಹೊಂದಿದ ಸಿಬ್ಬಂದಿ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಲು ಅವಕಾಶ ಕೊಡುತ್ತದೆ. ಅಂದರೆ ಒಂದು ಕಾನೂನಿಗೆ ಇದು ವೈದ್ಯರೇ ಮಾಡಬೇಕಾದ ಕೆಲಸ, ಇನ್ನೊಂದಕ್ಕೆ ಸಹಾಯಕ ಸಿಬ್ಬಂದಿಯೂ ಮಾಡಬಹುದಾದ ಕೆಲಸ. ಇವೆರಡನ್ನೂ ಹೊಂದಿಸುವ ಸ್ಪಷ್ಟ ಸೂಚನೆ ಹೊರಬೀಳದಿದ್ದರೆ ಪಶು ಇಲಾಖೆಯ ಕೆಳಹಂತದ ನೌಕರ ಕೂಡ ಕೈಕಟ್ಟಿ ಕೂರುತ್ತಾನೆ. ಆಗ ಕೆಲಸ ಮತ್ತೆ ಹಳೆಯ ಚೂರಿಗೇ ಹೋಗುತ್ತದೆ.

ಬೇರೆ ದೇಶಗಳು ಕಲಿತ ಪಾಠ

ಬ್ರಿಟನ್ನಿನ ನಿಯಮ ವಯಸ್ಸನ್ನು ಆಧರಿಸಿದೆ. ರಬ್ಬರ್ ಉಂಗುರವನ್ನು ಅರಿವಳಿಕೆಯಿಲ್ಲದೆ ತೊಡಿಸಲು ಮರಿ ಹುಟ್ಟಿದ ಮೊದಲ ವಾರದಲ್ಲಿ ಮಾತ್ರ ಅವಕಾಶ. ಮೂರು ತಿಂಗಳು ದಾಟಿದ ಮೇಲೆ ಯಾವುದೇ ವಿಧಾನಕ್ಕೂ ಪಶುವೈದ್ಯರು ಮತ್ತು ಅರಿವಳಿಕೆ ಕಡ್ಡಾಯ. ಮರಿ ಎಳೆಯದಾದಷ್ಟೂ ಗಾಯ ಸಣ್ಣದು, ಮಾಗುವಿಕೆ ಬೇಗ ಎಂಬುದು ಇದರ ತರ್ಕ. ಆದರೆ ಎಳೆಯ ಮರಿಗೆ ನೋವೇ ಇಲ್ಲ ಎಂಬ ಹಳೆಯ ನಂಬಿಕೆಯನ್ನು ಮೇಲೆ ಹೇಳಿದ ಅಧ್ಯಯನಗಳು ಅಲ್ಲಗಳೆದಿವೆ. ಆ ದೇಶದ ಕೃಷಿ ಪ್ರಾಣಿ ಕಲ್ಯಾಣ ಮಂಡಳಿ 2008ರ ವರದಿಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು, ಅಗತ್ಯವಿಲ್ಲದ ಕಡೆ ಬೀಜ ತೆಗೆಯುವ ಗೋಜಿಗೇ ಹೋಗಬಾರದು ಎಂಬ ನಿಲುವು ತಳೆಯಿತು. ಉಂಗುರ ತೊಡಿಸುವಾಗಲೇ ಅರಿವಳಿಕೆಯ ಚುಚ್ಚುಮದ್ದನ್ನೂ ಕೊಡುವ ಸಾಧನ ಇಂದು ಆಸ್ಟ್ರೇಲಿಯದ ಹಿಂಡುಗಳಲ್ಲಿ ಬಳಕೆಯಲ್ಲಿದೆ.

ದುಬಾರಿ ಸಾಧನಗಳಿಲ್ಲದ ಸಮಾಜಗಳಲ್ಲಿಯೂ ಕಲಿಯಬೇಕಾದುದಿದೆ. ಪೂರ್ವ ಆಫ್ರಿಕದ ಮಾಸಾಯಿ ಪಶುಪಾಲಕರು ಟಗರಿನ ಹೊಟ್ಟೆಯ ಕೆಳಗೆ ತೊಗಲಿನ ಪರದೆ ಕಟ್ಟಿ, ಬೇಡದ ಕಾಲದಲ್ಲಿ ಹೆಣ್ಣುಗಳಿಗೆ ಗಬ್ಬ ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಮೇವು ಹೆಚ್ಚಿರುವ ಕಾಲಕ್ಕೆ ಮರಿ ಹುಟ್ಟಿಸಿಕೊಳ್ಳುವ ಈ ಉಪಾಯದಲ್ಲಿ ಚೂರಿಯೂ ಇಲ್ಲ, ಇಕ್ಕಳವೂ ಇಲ್ಲ. ಪರಂಪರೆ ಎಂದರೆ ಕ್ರೌರ್ಯ, ಆಧುನಿಕತೆ ಎಂದರೆ ದಯೆ ಎಂಬ ಸುಲಭದ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ.

ಕರ್ನಾಟಕ ಏನು ಮಾಡಬಹುದು?

ಮೊದಲ ಪ್ರಶ್ನೆ, ಬೀಜ ಒಡೆಯುವ ಅಗತ್ಯವಿದೆಯೇ ಎಂಬುದು. ಬೀಜ ಒಡೆಯದ ಮರಿ ಬೇಗ ಬೆಳೆಯುತ್ತದೆ, ಅದರ ಮೈಯಲ್ಲಿ ಕೊಬ್ಬಿಗಿಂತ ಮಾಂಸ ಹೆಚ್ಚು ಕೂಡುತ್ತದೆ. ಪ್ರಾಯಕ್ಕೆ ಬರುವ ಮೊದಲೇ ಸಂತೆಗೆ ಹೋಗುವ ಮರಿಗೆ ಈ ನೋವು ಕೊಡುವುದರಲ್ಲಿ ಅರ್ಥವೇ ಇಲ್ಲ. ಕೊಟ್ಟಿಗೆಯಲ್ಲಿ ಕಟ್ಟಿ ಸಾಕುವವರಿಗೆ ಗಂಡು ಹೆಣ್ಣುಗಳನ್ನು ಬೇರ್ಪಡಿಸುವುದೂ ಕಷ್ಟವಲ್ಲ. ಇತ್ತೀಚಿನ ವರ್ಷಗಳಲ್ಲಿ ಕೊಟ್ಟಿಗೆ ಪದ್ಧತಿಗೆ ಇಳಿದಿರುವ ಹೊಸ ತಲೆಮಾರಿನ ಸಾಕಣೆದಾರರಿಗೆ ಇಷ್ಟು ತಿಳಿಸಿದರೂ ಸಾವಿರಾರು ಮರಿಗಳ ನೋವು ತಪ್ಪುತ್ತದೆ. ಅದಕ್ಕೆ ಹಣ ಬೇಡ, ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮದ ತರಬೇತಿ ಪಾಠದಲ್ಲಿ ಒಂದು ಪುಟ ಸಾಕು.

ಎರಡನೆಯದು, ಅಗತ್ಯವಿರುವ ಕಡೆ ಸೇವೆಯನ್ನು ಹಟ್ಟಿಯ ಬಾಗಿಲಿಗೆ ಒಯ್ಯುವುದು. ರಾಜ್ಯದಲ್ಲಿ 1962 ಸಹಾಯವಾಣಿಯ ಸಂಚಾರಿ ಪಶು ಚಿಕಿತ್ಸಾ ವಾಹನಗಳಿವೆ. ಒಂದು ಹಸುವಿನ ತುರ್ತು ಕರೆಗೆ ಓಡುವ ವಾಹನ, ವರ್ಷಕ್ಕೊಮ್ಮೆ ಮಂದೆ ತಂಗುವ ಬಯಲಿಗೂ ಹೋಗಬಹುದು. ಕರುಳುಬೇನೆ, ಪಿಪಿಆರ್ ಲಸಿಕೆ ಹಾಕುವ, ಜಂತುನಾಶಕ ಕುಡಿಸುವ ಶಿಬಿರಗಳ ಜೊತೆಗೇ ಈ ಕೆಲಸವನ್ನೂ ಸೇರಿಸಿದರೆ ಪ್ರತ್ಯೇಕ ಖರ್ಚು ಬೀಳದು. ನೊಣ ಕಡಿಮೆ ಇರುವ ಚಳಿಗಾಲ ಇದಕ್ಕೆ ಸೂಕ್ತ ಸಮಯ. ಸ್ಥಳೀಯ ಅರಿವಳಿಕೆಗೆ ಬಳಸುವ ಲಿಗ್ನೋಕೇನ್ ಹಳೆಯ, ಅಗ್ಗದ ಔಷಧಿ. ಚುಚ್ಚಿದ ಮೇಲೆ ಕೆಲವು ನಿಮಿಷ ಕಾಯಬೇಕು, ಅಷ್ಟೆ. ಅವಸರದಲ್ಲಿ ಕಾಯದೆ ಇಕ್ಕಳ ಒತ್ತಿದರೆ ಚುಚ್ಚಿದ್ದೂ ವ್ಯರ್ಥ.

ಮೂರನೆಯದು ನೋವು ನಿವಾರಕ. ಅರಿವಳಿಕೆಯ ಪ್ರಭಾವ ಗಂಟೆಗಳಲ್ಲಿ ಇಳಿಯುತ್ತದೆ, ಬಾವಿನ ನೋವು ದಿನಗಟ್ಟಲೆ ಇರುತ್ತದೆ. ಆದರೆ ಯಾವ ಔಷಧಿ ಎಂಬುದು ಕುರಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಸತ್ತ ಜಾನುವಾರುಗಳ ದೇಹದಲ್ಲಿ ಉಳಿದ ಡೈಕ್ಲೋಫೆನಾಕ್ ರಣಹದ್ದುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದ ಕಾರಣ 2006ರಲ್ಲಿ ಅದರ ಪಶು ಬಳಕೆಯನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸೆಕ್ಲೋಫೆನಾಕ್ ಅದೇ ಪಟ್ಟಿ ಸೇರಿದವು. ರಣಹದ್ದುಗಳಿಗೆ ಹಾನಿಯಿಲ್ಲವೆಂದು ಸಾಬೀತಾಗಿರುವ ಮೆಲಾಕ್ಸಿಕಮ್ ಲಭ್ಯವಿದೆ. ರಾಮನಗರದ ರಾಮದೇವರಬೆಟ್ಟದಲ್ಲಿ ರಣಹದ್ದುಗಳಿಗೆಂದೇ ಅಭಯಾರಣ್ಯ ಮಾಡಿಕೊಂಡಿರುವ ರಾಜ್ಯಕ್ಕೆ ಈ ಎಚ್ಚರ ಇರಲೇಬೇಕು. ಔಷಧಿ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು ಚುಚ್ಚಿಕೊಳ್ಳಲಿ ಎಂದು ಕುರಿಗಾಹಿಯನ್ನು ಕೈಬಿಟ್ಟರೆ ಒಂದು ಪ್ರಾಣಿಯ ನೋವು ತಗ್ಗಿಸಲು ಹೋಗಿ ಇನ್ನೊಂದರ ಜೀವ ತೆಗೆದಂತಾದೀತು.

ನಾಲ್ಕನೆಯದು ಕಾನೂನಿನ ಗೊಂದಲ ನಿವಾರಣೆ. 1984ರ ಕಾಯ್ದೆ ಕೊಡುವ ಅವಕಾಶದಂತೆ ತರಬೇತಿ ಪಡೆದ ಪಶು ಪರೀಕ್ಷಕರು ವೈದ್ಯರ ಮೇಲ್ವಿಚಾರಣೆಯಲ್ಲಿ ಬರ್ಡಿಝೋ ಇಕ್ಕಳ ಮತ್ತು ಸ್ಥಳೀಯ ಅರಿವಳಿಕೆ ಬಳಸಬಹುದೇ ಎಂಬುದನ್ನು ಕೇಂದ್ರದ ನಿಯಮಾವಳಿಯೊಂದಿಗೆ ಹೊಂದಿಸಿ ಸ್ಪಷ್ಟಪಡಿಸಬೇಕು. ಕುರಿಗಾಹಿ ಕುಟುಂಬಗಳ ಯುವಕ ಯುವತಿಯರನ್ನೇ ಈ ತರಬೇತಿಗೆ ಆರಿಸಿಕೊಂಡರೆ ವೈದ್ಯ ಮಂದೆಯ ಜೊತೆಗೇ ನಡೆದಂತಾಗುತ್ತದೆ.

ಬೆಲೆ ಕೊಡಬೇಕಾದವರು ಯಾರು?

ಇಂಥ ಪ್ರಸ್ತಾಪಗಳಿಗೆಲ್ಲ ಒಂದು ಆಕ್ಷೇಪ ಬರುವುದುಂಟು. ಮಾರ್ಗಬದಿಯಲ್ಲಿ ಲಾರಿ ಹರಿದು ಕುರಿ ಸತ್ತರೆ, ಸಿಡಿಲು ಬಡಿದು ಹಿಂಡೇ ಹೋದರೆ, ಕಳ್ಳರು ಮಂದೆಗೆ ನುಗ್ಗಿದರೆ ದಿಕ್ಕಿಲ್ಲದ ಕುರಿಗಾಹಿಗೆ ಮೊದಲು ರಕ್ಷಣೆ ಕೊಡಿ, ಆಮೇಲೆ ಮರಿಯ ನೋವಿನ ಮಾತಾಡಿ ಎಂಬುದು ಆ ಆಕ್ಷೇಪ. ಅದರಲ್ಲಿ ಹುರುಳಿದೆ. ವಲಸೆ ಕುರಿಗಾಹಿಗಳ ಕಲ್ಯಾಣಕ್ಕೂ ದೌರ್ಜನ್ಯದಿಂದ ಅವರ ರಕ್ಷಣೆಗೂ ರಾಜ್ಯ ವಿಧಾನಮಂಡಲ 2025ರ ಆಗಸ್ಟ್‌ನಲ್ಲಿ ವಿಧೇಯಕ ಅಂಗೀಕರಿಸಿದ್ದು ಈ ಕೊರತೆಯನ್ನು ಒಪ್ಪಿಕೊಂಡುದರ ಗುರುತು. ವಿಶ್ವಸಂಸ್ಥೆಯೂ 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ.

ಆದರೆ ಕುರಿಗಾಹಿಯ ಹಿತ ಮತ್ತು ಕುರಿಯ ಹಿತ ಒಂದಕ್ಕೊಂದು ಎದುರಾಳಿಗಳಲ್ಲ. ಗಾಯ ಕೊಳೆತು ಸತ್ತ ಮರಿಯ ನಷ್ಟ ಹೊರುವವನು ಕುರಿಗಾಹಿಯೇ. ನೋವಿನಿಂದ ಮೇವು ಬಿಟ್ಟ ಮರಿಯ ತೂಕ ಇಳಿದರೆ ಸಂತೆಯಲ್ಲಿ ಬೆಲೆ ಕಳೆದುಕೊಳ್ಳುವವನೂ ಅವನೇ. ಕುರಿಯನ್ನು ಅವನಷ್ಟು ಹತ್ತಿರದಿಂದ ಬಲ್ಲವರು ಯಾರೂ ಇಲ್ಲ. ಬಿಸಿಲಲ್ಲಿ ಕುಸಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು ಮೈಲುಗಟ್ಟಲೆ ನಡೆಯುವವನಿಗೆ ದಯೆಯ ಪಾಠ ಹೇಳುವ ಅಗತ್ಯವಿಲ್ಲ. ಅವನಿಗೆ ಬೇಕಾದದ್ದು ಇಕ್ಕಳ, ಔಷಧಿ ಮತ್ತು ಅವನ್ನು ಬಳಸಬಲ್ಲ ಕೈ.

ಹಾಗಾದರೆ ಖರ್ಚು ಯಾರದು? ಭಾನುವಾರ ಬೆಳಿಗ್ಗೆ ಮಾಂಸದಂಗಡಿಯ ಮುಂದೆ ಸಾಲಿನಲ್ಲಿ ನಿಲ್ಲುವ ನಗರದ ಗಿರಾಕಿ ‘ಎಳೆಯದು ಕೊಡಿ, ವಾಸನೆ ಇರಬಾರದು’ ಎಂದು ಕೇಳುತ್ತಾನೆ. ಆ ಬೇಡಿಕೆಯ ಇನ್ನೊಂದು ತುದಿಯಲ್ಲಿರುವುದು ಬಯಲಿನ ಹಟ್ಟಿ. ಹಟ್ಟಿಯಲ್ಲಿ ಏನು ನಡೆಯಬೇಕೆಂಬ ನಿಯಮ ನಗರದಿಂದ ಹೋಗುವುದಾದರೆ, ಅದನ್ನು ಪಾಲಿಸಲು ತಗಲುವ ವೆಚ್ಚವೂ ಅಲ್ಲಿಂದಲೇ ಹೋಗಬೇಕಾದದ್ದು ನ್ಯಾಯ. ತೆರಿಗೆಯ ಹಣದಿಂದ ನಡೆಯುವ ಪಶು ಇಲಾಖೆ ಅದಕ್ಕಿರುವ ಸರಳ ಮಾರ್ಗ.

ಅರವತ್ತು ವರ್ಷ ಕಾದು ಒಂದು ನಿಯಮ ಬಂದಿದೆ. ಅದನ್ನು ಪಾಲಿಸಿರೆಂದು ಕುರಿಗಾಹಿಯನ್ನು ಕೇಳುವ ಮೊದಲು, ಪಾಲಿಸಲು ಸಾಧ್ಯವಾಗುವಂತೆ ಮಾಡುವುದು ಸರ್ಕಾರದ ಹೊಣೆ. ಮುಂದಿನ ಚಳಿಗಾಲದ ಲಸಿಕೆ ಶಿಬಿರಗಳ ಪಟ್ಟಿ ಸಿದ್ಧಪಡಿಸುವಾಗ ಜಿಲ್ಲಾ ಪಶು ಇಲಾಖೆಗಳು ಔಷಧಿ ಪೆಟ್ಟಿಗೆಯಲ್ಲಿ ಇಕ್ಕಳದ ಪಕ್ಕ ಒಂದಿಷ್ಟು ಲಿಗ್ನೋಕೇನ್ ಬಾಟಲಿಗಳನ್ನೂ ಇಟ್ಟರೆ, ನಿಯಮ ಹಟ್ಟಿಯನ್ನು ತಲುಪಲು ಅದೇ ಆರಂಭವಾದೀತು.